ಮಡಿಯ ಹೊತ್ತು

ಬಾವಿಕಟ್ಟೆಯಲ್ಲಿ ಕೂತು ತಲೆಗೆ ನೀರು ಸುರಿದುಕೊಳ್ಳುತ್ತಿದ್ದ ಗೋಮತಿಗೆ, ಸುರಿದುಕೊಂಡದ್ದು ಎರಡು ಕೊಡವೋ ಮೂರೋ ಎಂಬುದು ಮರೆತುಹೋಯಿತು. ಮರೆತರೇನಂತೆ, ಇನ್ನೊಂದು ಸೇದಿದರಾಯಿತು ಎಂದು ಹಗ್ಗಕ್ಕೆ ಕೈಹಾಕಿದಳು. ಹಾಕಿದವಳಿಗೆ, ಆ ಇನ್ನೊಂದನ್ನೂ ಆಗಲೇ ಸುರಿದುಕೊಂಡಾಗಿದೆಯೇನೋ ಎಂಬ ಅನುಮಾನ ಬಂತು. ಈಚೆಗೆ ಹೀಗೆಲ್ಲ ಆಗುತ್ತಿತ್ತು. ಉಪ್ಪು ಹಾಕಿದ್ದೇನೆಯೇ, ದೇವರ ದೀಪಕ್ಕೆ ಎಣ್ಣೆ ಬಿಟ್ಟಿದ್ದೇನೆಯೇ, ಬಾಗಿಲು ಹಾಕಿದ್ದೇನೆಯೇ ಎಂದು ಕೈ ಮಾಡಿದ ಕೆಲಸವನ್ನು ಮನಸ್ಸು ನಂಬುತ್ತಿರಲಿಲ್ಲ. ಬಾವಿಯಿಂದ ಐದಾರು ಮಾರು ದೂರದಲ್ಲಿ, ಬಾಳೆಯ ಬುಡದಲ್ಲಿ, ಮಗಳು ವೇದಾವತಿ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದಳು. ಗುರುತಿಲ್ಲದವರು ಕಂಡರೆ ಈ ವೈಶಾಖದ ಸೆಕೆಯಲ್ಲಿ ಹುಡುಗಿಗೇನು ಚಳಿ ಎಂದುಕೊಂಡಾರು. ಎಂಟು ವರ್ಷ ತುಂಬಿದರೂ ಮಾತು ಬಂದಿರಲಿಲ್ಲ. ‘ಊಂ’ ಎಂಬ ಒಂದೇ ಸದ್ದಿನಲ್ಲಿ ಹಸಿವು, ಖುಷಿ, ಹೆದರಿಕೆ ಎಲ್ಲವನ್ನೂ ಹೇಳುತ್ತಿದ್ದಳು. ಯಾವುದು ಯಾವುದೆಂದು ಹೆತ್ತವಳಿಗೂ ಒಮ್ಮೊಮ್ಮೆ ತಿಳಿಯುತ್ತಿರಲಿಲ್ಲ. ಗೋಮತಿ ಎದ್ದು, ಸೆರಗು ಹಿಂಡಿ, ಹಿತ್ತಿಲ ಬಾಗಿಲಿಗೆ ನಡೆದಳು. ಮಗಳು ಹೇಳಿಸಿಕೊಳ್ಳದೆ ನಾಲ್ಕು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟಳು.

ಇದನ್ನೇ ಊರು ಹೊಗಳುತ್ತಿದ್ದುದು. ಗಂಡ ವೈಕುಂಠಯ್ಯನದು ದೇವಸ್ಥಾನದಲ್ಲಿ ಪರಿಚಾರಕನ ಕೆಲಸ. ಅಲ್ಲಿಯ ಕೆಲಸ ಮುಗಿಸಿ ಅವನು ಮನೆಗೆ ಬಂದು, ಮನೆದೇವರಿಗೆ ನೈವೇದ್ಯವಾಗುವ ತನಕ ಅಡುಗೆಯವಳನ್ನು ಯಾರೂ ಮುಟ್ಟುವಂತಿರಲಿಲ್ಲ. ಮುಟ್ಟಿದರೆ ಮತ್ತೆ ಮಿಂದು, ಮತ್ತೆ ಅಕ್ಕಿ ತೊಳೆದು, ಮತ್ತೆ ಒಲೆ ಹಚ್ಚಬೇಕು. ಕಳೆದ ವರ್ಷ ಸಾಲಿಗ್ರಾಮದ ಮದುವೆ ಮನೆಯಲ್ಲಿ, ಊಟದ ಪಂಕ್ತಿಯಲ್ಲಿ, ಯಾರೋ ಒಬ್ಬ ದೂರದ ಸಂಬಂಧದ ಅಜ್ಜಿ ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದರು: “ಬುದ್ಧಿ ಸರಿ ಇದ್ದ ಮಕ್ಳೇ ಮಡಿ ಅಂದ್ರೆ ಕೇಂಬುದಿಲ್ಲೆ. ಗೋಮತಿ ಅಂಥಾ ಹೆಣ್ಣಿಗೂ ಕಲ್ಸಿತ್, ಕಾಣಿ.” ‘ಅಂಥಾ ಹೆಣ್ಣು’ ಎಂಬ ಮಾತು ಚುಚ್ಚಿತ್ತು, ‘ಕಲ್ಸಿತ್’ ಎಂಬ ಮಾತು ಹಿತವಾಗಿತ್ತು. ಎರಡನ್ನೂ ಅವಳು ಒಂದೇ ಪಾಯಸದ ಜೊತೆ ನುಂಗಿಕೊಂಡು, ತಲೆ ಬಗ್ಗಿಸಿ ನಕ್ಕಿದ್ದಳು. ಹಾಗೆ ನಕ್ಕದ್ದು ನೆನಪಾದರೆ ಈಗಲೂ ಅವಳಿಗೆ ನಾಚಿಕೆಯಾಗುತ್ತದೆ, ಸ್ವಲ್ಪ ಸಂತೋಷವೂ ಆಗುತ್ತದೆ. ಯಾಕೆ ಎರಡೂ ಒಟ್ಟಿಗೇ ಆಗಬೇಕು ಎಂದು ಅವಳಿಗೆ ಗೊತ್ತಿಲ್ಲ.

ಒಲೆಯ ಮೇಲೆ ಅನ್ನದ ಚರಿಗೆ ಇಟ್ಟು ಸೌತೆಕಾಯಿ ಹೆಚ್ಚುತ್ತಿದ್ದಾಗ ಅಂಗಳದಲ್ಲಿ ಯಾರೋ ಕೆಮ್ಮಿದರು. “ಹ್ವಾಯ್, ಅಮ್ಮ ಇದ್ದ್ರಾ?” ಹೆಂಗಸಿನ ದನಿ. ದೇವರ ಕೋಣೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆ ವಾರಿಜಾಕ್ಷಮ್ಮನಿಗೆ ಕಣ್ಣು ಮಂಜಾಗಿತ್ತು; ಅದಕ್ಕೆ ಸರಿಯಾಗಿ ಕಿವಿ ಎರಡು ಪಾಲು ಚುರುಕಾಗಿತ್ತು. “ಗೋಮತೀ, ಹೆರ್ಗೆ ಯಾರೋ ಬಂದ್ರ್. ನೀನ್ ಮಡಿಯಗ್ ಇದ್ದೆ, ಮರಿಬೇಡ,” ಎಂದರು. ಗೋಮತಿ ಒದ್ದೆ ಸೀರೆಯಲ್ಲೇ ಜಗಲಿಯ ಬಾಗಿಲಿಗೆ ಬಂದು ನಿಂತಳು.

ಅಂಗಳದಲ್ಲಿ ಇಪ್ಪತ್ತೈದರ ಆಸುಪಾಸಿನ ಹೆಂಗಸೊಬ್ಬಳು, ತುಂಬಿದ ಬಸುರಿ, ಸೊಂಟದ ಮೇಲೆ ಆರು ವರ್ಷದ ಗಂಡು ಹುಡುಗನನ್ನು ಹೊತ್ತು ನಿಂತಿದ್ದಳು. ಹೊರುವ ಪ್ರಾಯ ದಾಟಿದ ಹುಡುಗ. ಅವನ ಕಾಲುಗಳು ಅವಳ ಮೊಣಕಾಲಿನ ತನಕ ಇಳಿಬಿದ್ದಿದ್ದವು. ಎರಡೂ ಕೈ ಅವಳ ಕುತ್ತಿಗೆಯನ್ನು ಸುತ್ತಿದ್ದವು. ಅರೆತೆರೆದ ಬಾಯಿಂದ ಜೊಲ್ಲು ಸುರಿದು ಅವಳ ರವಕೆಯ ತೋಳು ಒದ್ದೆಯಾಗಿತ್ತು. ಹುಡುಗ ಗೋಮತಿಯನ್ನು ನೋಡಿದ ನೋಟ ಅವಳಿಗೆ ಗುರುತಿನದು. ನೋಡುತ್ತದೆ, ಆದರೆ ಎಲ್ಲಿಯೂ ತಾಗಿ ನಿಲ್ಲುವುದಿಲ್ಲ. ನೋಡಿದ ಕೂಡಲೇ ಅವಳಿಗೆ ಸಿಟ್ಟು ಬಂತು. ಇಂಥ ಹುಡುಗನನ್ನು ಹೊತ್ತುಕೊಂಡು ನನ್ನ ಅಂಗಳಕ್ಕೇ ಯಾಕೆ ಬಂದಳು? ನನ್ನ ವೇದಳ ಬಾಯಲ್ಲಿ ಜೊಲ್ಲಿಲ್ಲ, ನಿಂತು ಹೋಗಿ ಎರಡು ವರ್ಷವಾಯಿತು ಎಂದು ಮನಸ್ಸಿನಲ್ಲೇ ಅಳೆದು ನೋಡಿದಳು. ಅಳೆದದ್ದು ತನಗೇ ತಿಳಿದು ಮುಖ ಬಿಸಿಯಾಯಿತು.

“ನಾನ್ ಹಂಗಾರಕಟ್ಟಿಯಿಂದ ಬಂದದ್ದ್ ಅಮ್ಮ. ಕೊಪ್ರ ಯಾಪಾರದ ಪ್ರೇಮಾನಂದನ ಹೆಂಡ್ತಿ, ನಾಗು ಅಂದೇಳಿ. ಇವ ಸೂರ.” ಅವಳು ಉಸಿರು ತೆಗೆದುಕೊಂಡಳು. “ಬಸ್ಸ್ ಇವತ್ತೂ ಇಲ್ಲೆ. ಬಸ್ಸಿನ ಒಲಿಗೆ ಹಾಕುಕೆ ಇದ್ಲ್ ಇಲ್ಲೆ ಅಂಬ್ರ್, ಯುದ್ಧ ಅಂಬ್ರ್. ನಡ್ಕಂಡೇ ಬಂದೆ.”

“ಈ ಮೈಯಗ್ ಅಷ್ಟ್ ದೂರ ನಡ್ಕಂಡ್ ಬಂದ್ಯಾ? ಎಂತಕ್ಕೆ?”

“ನಿಮ್ ಹತ್ರ ಒಂದ್ ಮಾತ್ ಕೇಂಬುಕೆ. ನಿಮ್ಮನಿ ಗದ್ದಿ ಕೆಲ್ಸಕ್ಕೆ ಬಪ್ಪ ಸೀತು ಹೇಳ್ತ್. ನಿಮ್ ಹೆಣ್ಣೂ ಹೀಂಗೇ ಅಂಬ್ರ್, ಅಲ್ದಾ?”

“ಹೀಂಗೇ ಅಂದ್ರೆ?” ಎಂದಳು ಗೋಮತಿ. ಕೇಳಬಾರದಿತ್ತು. ನಾಗು ಗಲಿಬಿಲಿಗೊಂಡು ಮಗನ ಮುಖ ನೋಡಿದಳು, ಉತ್ತರ ಅಲ್ಲೇ ಬರೆದಿಟ್ಟಂತೆ. ಆ ಹೊತ್ತಿಗೆ ವೇದ ಮನೆಯ ಮಗ್ಗುಲಿನಿಂದ ಬಂದು ಜಗಲಿಯ ಕಂಬದ ಹತ್ತಿರ ನಿಂತಳು, ಕೈ ಕಂಕುಳಲ್ಲಿ. ನಾಗು ಅವಳನ್ನು ಕಂಡು ಸಮಾಧಾನದ ಉಸಿರು ಬಿಟ್ಟಳು. ಗೋಮತಿಗೆ ಆ ಸಮಾಧಾನ ಸಹಿಸಲಾಗಲಿಲ್ಲ. ಈ ಎಂಟು ವರ್ಷದಲ್ಲಿ ಯಾರೂ ಅವಳ ಮಗಳನ್ನು ನೋಡಿ ಸಮಾಧಾನಪಟ್ಟುಕೊಂಡಿರಲಿಲ್ಲ. ಅದು ಅವಮಾನವೋ ಸಾಂತ್ವನವೋ ಬಗೆಹರಿಯಲಿಲ್ಲ.

“ನಿಮ್ ಹೆಣ್ಣ್ ಒಂದ್ ಮಾತಿಗೆ ದೂರ ನಿಂತ್ಕಣತ್ತ್ ಅಂಬ್ರ್,” ನಾಗು ಮುಂದುವರಿಸಿದಳು. “ಇವ ಒಂದ್ ಗಳ್ಗಿ ನನ್ನ್ ಬಿಡುದಿಲ್ಲೆ ಅಮ್ಮ. ನೀರಿಗ್ ಹೋರೂ ಸೊಂಟದ್ ಮೇಲೆ, ಒಲಿ ಎದ್ರಿಗ್ ಕೂತ್ರೂ ಬೆನ್ನಿನ್ ಮೇಲೆ. ನಂಗೆ ಈಗ ಏಳ್ ತಿಂಗ್ಳ್. ಮೊನ್ನೆ ಹೊಟ್ಟಿ ಮೇಲೇ ಬಿದ್ದ. ಹೆರಿಗಿ ಮಾಡ್ಸು ಜಲಜಕ್ಕ ಖಡಾಖಂಡಿತ ಹೇಳ್ತ್: ಎರಡ್ ತಿಂಗ್ಳೊಳ್ಗೆ ಇವನಿಗೆ ದೂರ ಇಪ್ಪುದ್ ಕಲ್ಸ್, ಇಲ್ದಿರೆ ಉಪ್ಪುಂದಕ್ಕೆ ನಿನ್ನಣ್ಣನ ಮನಿಗೆ ಕಳ್ಸಿಬಿಡ್ ಅಂದೇಳಿ. ಮನಿಯರೂ ಅದನ್ನೇ ಹೇಳ್ತ್ರ್. ಅಲ್ಲಿಗೆ ಕಳ್ಸಿರೆ ಇವ ಉಳಿಯ. ಅತ್ಗಿ ತಟ್ಟಿ ಎದ್ರಿಗ್ ಇಡತ್ತ್, ತಿಂದ್ನಾ ಬಿಟ್ನಾ ಅಂದೇಳಿ ಕಾಂಬುದಿಲ್ಲೆ. ಅದಕ್ಕೇ ಬಂದೆ. ನೀವ್ ಹ್ಯಾಂಗ್ ಕಲ್ಸಿರಿ? ನಂಗೂ ಹೇಳಿಕೊಡಿ.”

ಹ್ಯಾಂಗೆ ಕಲಿಸಿದೆ? ಮೂರೂವರೆ ವರ್ಷದ ಹಿಂದೆ, ಮಾವನ ಶ್ರಾದ್ಧದ ದಿನ, ವೇದಳಿಗೆ ಐದು. ನಡಿಗೆ ಬಂದೇ ಒಂದು ವರ್ಷವಾಗಿತ್ತು, ಬಂದ ನಡಿಗೆಯಿಂದ ಅವಳು ಮಾಡುತ್ತಿದ್ದುದು ಒಂದೇ ಕೆಲಸ: ಹಿಂದಿನಿಂದ ಓಡಿಬಂದು ತಾಯಿಯ ಮೊಣಕಾಲು ತಬ್ಬಿಕೊಂಡು, ಸೀರೆಗೆ ಮುಖ ಒತ್ತಿ, ಊಂ ಎನ್ನುವುದು. ದಿನಕ್ಕೆ ಹತ್ತು ಸಲ. ಮುಟ್ಟಿದಾಗಲೆಲ್ಲ ಗೋಮತಿ ಮೀಯುತ್ತಿದ್ದಳು. ಮಿಂದು ಮಿಂದು ಬೆರಳ ಸಂದು ಬೆಳ್ಳಗೆ ಸುಲಿದಿತ್ತು. ಆದರೂ ಬೇಸರವಿರಲಿಲ್ಲ, ಇತ್ತು ಎಂದು ಈಗ ಅನಿಸುತ್ತದೆ, ಆಗ ಇರಲಿಲ್ಲವೇನೋ. ಶ್ರಾದ್ಧದ ಅಡುಗೆಯೆಲ್ಲ ಮುಗಿದು, ಪಿಂಡದ ಅನ್ನ ಎತ್ತಿಕೊಂಡು ಹೊರಟ ಹೊತ್ತಿಗೇ ವೇದ ಓಡಿಬಂದು ತಬ್ಬಿಕೊಂಡಳು. ಅಷ್ಟೂ ಅಡುಗೆ ಹಸುವಿನ ಬಾನಿಗೆ ಹೋಯಿತು. ಬ್ರಾಹ್ಮಣರು ಹಸಿದು ಮೂರು ಗಂಟೆಯ ತನಕ ಕೂತರು. ಅತ್ತೆ ಒಂದು ಮಾತೂ ಆಡದೆ ಹೊಸದಾಗಿ ಒಲೆ ಹಚ್ಚಲು ಕೂತರು, ಬೈದಿದ್ದರೆ ಒಳ್ಳೆಯದಿತ್ತು. ಎಲ್ಲಕ್ಕಿಂತ ಹೆಚ್ಚು ಸುಟ್ಟದ್ದು ಗಂಡನ ನಗು. ಕೂತವರ ಎದುರು ಅವನು ಅಂಗೈ ಉಜ್ಜಿಕೊಳ್ಳುತ್ತ, ಏನೂ ಆಗಿಲ್ಲವೆಂಬಂತೆ, ಪೆದ್ದುಪೆದ್ದಾಗಿ ನಗುತ್ತ ನಿಂತಿದ್ದ. ಮರುದಿನ ಬೆಳಿಗ್ಗೆ ಗೋಮತಿ ಸೌಟು ತಿರುವಿ ಹಿಡಿದಳು. ಮಗಳ ಕೈ ಮುಂದೆ ಬಂದಾಗಲೆಲ್ಲ ಅದರ ಹಿಡಿಯಿಂದ ಬೆರಳ ಗಿಣ್ಣಿಗೆ ಒಂದು ಏಟು, ಜೊತೆಗೆ ಮುಟ್ಟಬಾರದೆಂಬ ಒಂದೇ ಮಾತು, ಮುಟ್ಟುಕಾಗ. ಅಳು, ಏಟು, ಮಾತು. ಎಂಟು ತಿಂಗಳು. ಮಗಳಿಗೆ ಏನೂ ತಲೆಗೆ ಹೋಗುವುದಿಲ್ಲ, ಸುಮ್ಮನೆ ಹೊಡೆಯುತ್ತಿದ್ದೇನೆ ಎನಿಸಿ ಇನ್ನು ಬಿಟ್ಟುಬಿಡೋಣ ಎಂದುಕೊಂಡ ವಾರವೇ, ಚಾಚಿ ಬಂದ ಕೈ ಅರ್ಧದಲ್ಲಿ ನಿಂತಿತು. ವೇದ ಆ ಕೈಯನ್ನು ಯಾರದೋ ಎಂಬ ಹಾಗೆ ನೋಡಿ, ತಂದು ತನ್ನ ಕಂಕುಳಲ್ಲಿ ಇಟ್ಟುಕೊಂಡಳು. ಗೋಮತಿ ಕೂಗಿ ಮನೆಯವರನ್ನೆಲ್ಲ ಕರೆದಳು. ವೈಕುಂಠಯ್ಯನ ಕಣ್ಣು ತುಂಬಿತು. “ಇದಕ್ಕೆ ತಿಳಿತ್ತ್ ಕಾಣ್. ಎಲ್ಲ ತಿಳಿತ್ತ್,” ಎಂದ. ಆ ದಿನ ಮನೆಯಲ್ಲಿ ಹಬ್ಬವಿಲ್ಲದೆಯೂ ಪಾಯಸವಾಯಿತು.

“ಅಮ್ಮ?” ಎಂದಳು ನಾಗು.

“ಹೇಳ್ತೆ,” ಎಂದಳು ಗೋಮತಿ. ಹೇಳತೊಡಗಿದಳು. ಮೊದಲು ತೊದಲಿದಳು, ಆಮೇಲೆ ಮಾತು ಸಲೀಸಾಯಿತು. ಒಂದೇ ಮಾತು ಇಟ್ಟುಕೊಳ್ಳಬೇಕು, ದಿನಕ್ಕೊಂದು ಬಗೆಯಲ್ಲಿ ಹೇಳಬಾರದು. ಜೋರಾಗಿ ಹೊಡೆಯಬೇಕಾಗಿಲ್ಲ, ಆದರೆ ಒಮ್ಮೆಯೂ ಬಿಡಬಾರದು. ಅತ್ತರೆ ಎತ್ತಿಕೊಳ್ಳಬಾರದು, ಎತ್ತಿಕೊಂಡರೆ ಮಾಡಿದ್ದೆಲ್ಲ ಹಾಳು. ಶಾಲೆಯ ಮಾಷ್ಟ್ರ ಹಾಗೆ ತಾನು ಪಾಠ ಹೇಳುತ್ತಿದ್ದೇನೆ, ನಾಗು ಬಾಯಿ ತೆರೆದು ಕೇಳುತ್ತಿದ್ದಾಳೆ ಎಂಬುದು ಅವಳಿಗೆ ಹಿತವೆನಿಸಿತು. ಇಷ್ಟು ಗಮನವಿಟ್ಟು ಅವಳ ಮಾತನ್ನು ಯಾರೂ ಕೇಳಿದ್ದಿಲ್ಲ. ಸೂರ ತಾಯಿಯ ಕಿವಿಯ ಬುಗುಡಿಯನ್ನು ತಿರುಪುತ್ತ, ಅವಳ ಕೆನ್ನೆಗೆ ತನ್ನ ಒದ್ದೆ ಬಾಯಿ ಒತ್ತಿದ. ನಾಗು ಮಾತು ಕೇಳುತ್ತಲೇ, ತನಗೆ ಗೊತ್ತೇ ಆಗದಂತೆ, ಕೆನ್ನೆಯನ್ನು ಅವನತ್ತ ಇಷ್ಟೇ ವಾಲಿಸಿಕೊಟ್ಟಳು. ಗೋಮತಿಯ ಮಾತು ಅಲ್ಲಿಗೆ ತುಂಡಾಯಿತು.

ಹೇಳದೆ ಬಿಟ್ಟದ್ದು ಒಂದಿತ್ತು. ಪಾಯಸ ಮಾಡಿದ ಆ ದಿನವೇ, ಮಧ್ಯಾಹ್ನ ಊಟವಾಗಿ, ಮಡಿ ಕಳಚಿ, ಗೋಮತಿ ದಿನಾ ಉಡುವ ಸೀರೆ ಉಟ್ಟು, ಇದೇ ಜಗಲಿಯಲ್ಲಿ ಕೂತು ಎರಡೂ ಕೈ ಚಾಚಿ ‘ಬಾ’ ಎಂದಿದ್ದಳು. ವೇದ ಬರಲಿಲ್ಲ. ಕೈ ಕಂಕುಳಲ್ಲಿತ್ತು. ತಿಳಿಯಲಿಲ್ಲವೇನೋ ಎಂದು ಗೋಮತಿ ತಾನೇ ಹೋಗಿ ತಬ್ಬಿಕೊಂಡಳು. ಮಗಳು ಬಿಡಿಸಿಕೊಳ್ಳಲಿಲ್ಲ, ತಬ್ಬಲೂ ಇಲ್ಲ; ಹೊಡೆತಕ್ಕೆ ಕಾಯುವ ಹಾಗೆ ಕಣ್ಣು ಮುಚ್ಚಿ ನಿಂತಿದ್ದಳು. ನಾಳೆ ಸರಿಯಾದೀತು, ನಾಡಿದ್ದು ಆದೀತು. ಗೋಮತಿ ಬೇರೆ ಬಣ್ಣದ ಸೀರೆ ಉಟ್ಟು ನೋಡಿದಳು, ಹೂ ಮುಡಿದು ನೋಡಿದಳು, ಬೆಲ್ಲ ಹಿಡಿದು ಕರೆದಳು. ವೇದ ಕುತ್ತಿಗೆ ಚಾಚಿ ಬಾಯಿಂದಲೇ ಬೆಲ್ಲ ಕಚ್ಚಿಕೊಂಡು ಹಿಂದೆ ಸರಿದಳು. ಮಡಿ ಮಧ್ಯಾಹ್ನಕ್ಕೆ ಮುಗಿಯುತ್ತದೆ, ಆಮೇಲೆ ನಾನು ನಿನ್ನ ಅಮ್ಮ ಎಂದು ಅವಳಿಗೆ ಹೇಳುವ ಮಾತು ಯಾವುದು? ಏಟಿನಿಂದ ಕಲಿಸಬಹುದಾದದ್ದು ಮುಟ್ಟುಕಾಗ ಎಂಬುದನ್ನು. ಮುಟ್ಟು ಎಂಬುದನ್ನು ಯಾವುದರಿಂದ ಕಲಿಸುವುದು? ತಂದೆಯ ಹೆಗಲಿಗೆ ಅವಳು ಈಗಲೂ ಒರಗುತ್ತಾಳೆ, ಸೀತುವಿನ ಸೊಂಟ ಹಿಡಿದು ನಡೆಯುತ್ತಾಳೆ, ಬೆಕ್ಕನ್ನು ಎತ್ತಿಕೊಳ್ಳುತ್ತಾಳೆ. ತಾಯಿಯನ್ನು ಮಾತ್ರ ಇಲ್ಲ. ಮೂರು ವರ್ಷದಿಂದ ಗೋಮತಿ ಇದನ್ನು ಯಾರ ಹತ್ತಿರವೂ ಹೇಳಿಲ್ಲ, ಗಂಡನ ಹತ್ತಿರವಂತೂ ಇಲ್ಲವೇ ಇಲ್ಲ. ಮಗಳಿಗೆ ತಿಳಿಯುತ್ತದೆ ಎಂಬುದಕ್ಕೆ ಅವನಿಗಿರುವ ಸಾಕ್ಷಿ ಅದೊಂದೇ. ಅವಳು ಜನ್ಮದಲ್ಲಿ ಕಲಿತದ್ದೂ ಅದೊಂದೇ. ಅದನ್ನು ತಪ್ಪು ಎಂದುಬಿಟ್ಟರೆ ಮಗಳ ಪಾಲಿಗೆ ಉಳಿಯುವುದೇನು?

ಇದನ್ನು ನಾಗುವಿಗೆ ಹೇಳಬೇಕೇ? ಹೇಳಿದರೆ ಅವಳು ಕಲಿಸುವುದಿಲ್ಲ, ಹುಡುಗ ಉಪ್ಪುಂದಕ್ಕೆ ಹೋಗುತ್ತಾನೆ, ಅಲ್ಲಿ ತಟ್ಟೆಯ ಎದುರು ಒಬ್ಬನೇ ಕೂತಿರುತ್ತಾನೆ. ಹೇಳದಿದ್ದರೆ ಹುಡುಗ ಮನೆಯಲ್ಲೇ ಇರುತ್ತಾನೆ, ಕಂಕುಳಲ್ಲಿ ಕೈ ಇಟ್ಟುಕೊಂಡು. ಯಾವುದು ಮೇಲು? ಎರಡನ್ನೂ ಒಂದೊಂದು ಸಲ ಮೇಲು ಎಂದು ತೀರ್ಮಾನಿಸಿದಳು, ಎರಡನ್ನೂ ಬಿಟ್ಟಳು. ಒಳಗೆ ಅನ್ನ ಕುದಿಯುವ ಸದ್ದು ಕೇಳುತ್ತಿತ್ತು. ಅದು ಉಕ್ಕುತ್ತಿರಬಹುದು ಎಂಬ ಯೋಚನೆ ನಡುವೆ ಬಂದು ಹೋಯಿತು.

ನಾಗು ಮಗನನ್ನು ಸೊಂಟದಿಂದ ಇಳಿಸಿ ನೆಲದ ಮೇಲೆ ನಿಲ್ಲಿಸಿದಳು. ಅವನು ಕೂಡಲೇ ಅವಳ ಕಾಲು ತಬ್ಬಿದ. ಅವಳು ಕೈ ಎತ್ತಿದಳು, ಎತ್ತಿದ ಕೈ ಇಳಿಯಲಿಲ್ಲ. “ನಂಗ್ ಆತಿಲ್ಲೆ ಅಮ್ಮ,” ಎಂದು ನಕ್ಕಳು, ಕಣ್ಣಲ್ಲಿ ನೀರಿತ್ತು. “ನೀವೇ ಒಂದ್ಸಲ ಹೇಳಿ ಕಾಣಿ. ಹ್ಯಾಂಗ್ ಹೇಳುದ್ ಅಂದೇಳಿ ನೋಡ್ಕಂತೆ.”

ಗೋಮತಿ ಜಗಲಿಯಿಂದ ಒಂದು ಮೆಟ್ಟಿಲು ಇಳಿದಳು. ಸೂರನ ಕಡೆ ನೋಡಿ, ಮೂರು ವರ್ಷದಿಂದ ಬಳಸುವ ಅಗತ್ಯವೇ ಬಿದ್ದಿರದ ಆ ಮಾತನ್ನು, ಅದೇ ದನಿಯಲ್ಲಿ ಹೇಳಿದಳು: “ಮುಟ್ಟುಕಾಗ.”

ಸೂರನಿಗೆ ಅದು ತಾಗಲೇ ಇಲ್ಲ. ಕಂಬದ ಹತ್ತಿರ ನಿಂತಿದ್ದ ವೇದ ಬೆಚ್ಚಿದಳು. ಅವಳು ಯಾರನ್ನೂ ಮುಟ್ಟಿರಲಿಲ್ಲ, ಯಾರ ಹತ್ತಿರವೂ ಇರಲಿಲ್ಲ. ಆದರೂ ಹಿಂದೆ ಸರಿದಳು, ಜಗಲಿಯ ಅಂಚಿಗೆ ಕಾಲು ತಪ್ಪಿ ಅಂಗಳಕ್ಕೆ ಬಿದ್ದಳು, ಬೀಳುವಾಗಲೂ ಕೈ ಊರಲಿಲ್ಲ. ಗಲ್ಲ ನೆಲಕ್ಕೆ ಬಡಿಯಿತು. ಅಳಲಿಲ್ಲ. ಹಾಗೇ ಎದ್ದು ನಿಂತು ಇನ್ನೂ ನಾಲ್ಕು ಹೆಜ್ಜೆ ಹಿಂದೆ ಹೋದಳು. ಗೋಮತಿ ಅವಳ ಕಡೆ ಓಡಿದಳು. ಓಡಿದಷ್ಟೂ ಮಗಳು ಹಿಂದೆ ಹೋಗುತ್ತಿದ್ದಳು. ಅಂಗಳದ ನಡುವೆ ಗೋಮತಿ ನಿಂತಳು. ಆಗ ಹಿಂದಿನಿಂದ ಯಾವುದೋ ಬಂದು ಅವಳ ಮೊಣಕಾಲಿಗೆ ಸುತ್ತಿಕೊಂಡಿತು. ಸೂರ. ತಾಯಿಯ ಕಾಲು ಬಿಟ್ಟು ಬಂದಿದ್ದ ಅವನು, ಒದ್ದೆ ಸೀರೆಯ ತಂಪು ಹಿತವಾಯಿತೋ ಏನೋ, ಅದಕ್ಕೆ ಮುಖ ಒತ್ತಿ ಏನೋ ಗುನುಗುತ್ತಿದ್ದ.

“ಅಯ್ಯೋ, ತಪ್ಪಾಯ್ತ್, ತಪ್ಪಾಯ್ತ್ ಅಮ್ಮ. ಮಡಿಯಗಿದ್ರಿ,” ಎಂದು ನಾಗು ಓಡಿಬಂದವಳು ಎಳೆಯಲು ಹೆದರಿ ನಿಂತಳು, ಎಳೆದರೆ ತಾನೂ ಮುಟ್ಟಿದ ಹಾಗಾಗುತ್ತದೆ ಎಂದು. ಗೋಮತಿ ಅಲುಗಲಿಲ್ಲ. ಮೊಣಕಾಲ ಹಿಂದೆ ಆ ಬಾಯಿಯ ಬಿಸಿ ಸೀರೆ ದಾಟಿ ತಾಗುತ್ತಿತ್ತು. ಬೈಯಬೇಕು ಎಂದು ಗೊತ್ತಿತ್ತು. ಬಾಯಿ ತೆರೆದರೆ ಬೇರೆ ಮಾತು ಬಂತು.

“ಕಲ್ಸಬೇಡ ನಾಗು. ನಾನ್ ಕಲ್ಸಿದ್ದ್ ತಪ್ಪ್. ವೇದ ನನ್ನ್ ಮುಟ್ಟದೆ ಮೂರ್ ವರ್ಷ ಆಯ್ತ್. ಮಡಿ ಇರ್ಲಿ, ಇಲ್ದೆ ಇರ್ಲಿ. ಒಂದೇ ಒಂದ್ ಸಲ ಮುಟ್ಟಲಿಲ್ಲೆ.”

ನಾಗು ವೇದಳನ್ನು ನೋಡಿದಳು. ಈ ಸಲದ ನೋಟದಲ್ಲಿ ಸಮಾಧಾನವಿರಲಿಲ್ಲ. ಮಗುವಿನ ಗಲ್ಲದಲ್ಲಿ ರಕ್ತ ಜಿನುಗುತ್ತಿತ್ತು. ನಾಗು ಹೋಗಿ ತನ್ನ ಸೆರಗಿನಿಂದ ಒರೆಸಿದಳು. ವೇದ ಒರೆಸಗೊಟ್ಟಳು, ಅಷ್ಟೇ ಅಲ್ಲ, ಕಂಕುಳಿನಿಂದ ಒಂದು ಕೈ ತೆಗೆದು ಆ ಗುರುತಿಲ್ಲದ ಹೆಂಗಸಿನ ಸೆರಗು ಹಿಡಿದುಕೊಂಡಳು. ಗೋಮತಿ ಅದನ್ನು ನೋಡಿದಳು. ಹೊಟ್ಟೆಕಿಚ್ಚಾಯಿತು, ಅದನ್ನು ಬೇರೆ ಹೆಸರಿನಿಂದ ಕರೆಯಲು ಅವಳಿಗೆ ಆಗಲಿಲ್ಲ.

“ಹಾಂಗಾರೆ ನಂಗೆ ಉಪ್ಪುಂದವೇ ಗತಿ,” ಎಂದಳು ನಾಗು, ಯಾರಿಗೆಂದಿಲ್ಲದೆ.

“ಕಳ್ಸಬೇಡ. ಇಲ್ಲ್ ಬಿಡ್ ಇವನನ್ನ.” ಗೋಮತಿಗೆ ತಾನು ಆಡುತ್ತಿರುವ ಮಾತು ತನ್ನದೇ ಹೌದೋ ಅಲ್ಲವೋ ಎಂದು ಆಶ್ಚರ್ಯವಾಯಿತು. “ಹೆರಿಗಿ ಆಪಲ್ಲಿವರೆಗೆ. ಜಗ್ಲಿಯಗ್ ಇರ್ಲಿ. ನಾನ್ ಕಾಣ್ಕಂತೆ, ಉಣ್ಸ್ತೆ.” ಅತ್ತೆ ಏನಂದಾರು, ಊರು ಏನಂದೀತು, ಹಂಗಾರಕಟ್ಟೆಯ ಕೊಪ್ಪರ ವ್ಯಾಪಾರಿಯ ಮಗ ದೇವಸ್ಥಾನದ ಪರಿಚಾರಕರ ಮನೆಯ ಜಗಲಿಯಲ್ಲಿ ಮಲಗುವುದೆಂದರೇನು, ಒಂದನ್ನೂ ಅವಳು ಯೋಚಿಸಿರಲಿಲ್ಲ. ನಾಗುವಿನ ಮೇಲಿನ ಕನಿಕರದಿಂದ ಹೀಗೆ ಹೇಳಿದೆನೇ, ಅಥವಾ ಈ ಕಾಲಿಗೆ ಸುತ್ತಿದ ಎರಡು ಕೈಗಳು ಬೇಕಾಗಿ ಹೇಳಿದೆನೇ? ಎರಡೂ ಇದ್ದೀತು. ಎರಡು ತಿಂಗಳು. ಬೆಳಿಗ್ಗೆ ಎದ್ದರೆ ಮೊಣಕಾಲಿಗೊಂದು ಮಗು.

 ನಾಗು ವೇದಳ ಬೆರಳುಗಳಿಂದ ತನ್ನ ಸೆರಗನ್ನು ಮೆಲ್ಲಗೆ ಬಿಡಿಸಿಕೊಂಡು ಬಂದು, ಬಗ್ಗಿ, ಗೋಮತಿಗೆ ತಾಗದಂತೆ ಮಗನ ಎರಡೂ ಕೈಗಳನ್ನು ಒಂದೊಂದಾಗಿ ಕಳಚಿ ತನ್ನ ಕುತ್ತಿಗೆಗೆ ಹಾಕಿಕೊಂಡಳು. ಏಳುವಾಗ ನರಳಿದಳು.

“ಬ್ಯಾಡ ಅಮ್ಮ. ಸಿಟ್ಟ್ ಮಾಡ್ಕಣಬೇಡಿ,” ಎಂದಳು. “ಉಪ್ಪುಂದಕ್ಕೆ ನಾನೂ ಒಟ್ಟಿಗ್ ಹೋತೆ. ಅಲ್ಲೇ ಹೆರ್ತೆ. ಕಚ್ಕಂಡೇ ಇರ್ಲಿ ಇವ. ಇಲ್ಲ್ ಬಿಟ್ರೆ ನೀವ್ ಇವನಿಗೂ ಕಲ್ಸಿಬಿಡ್ತ್ರಿ.”

ಹೇಳಿದ ಮಾತಿನಲ್ಲಿ ಸಿಟ್ಟಿರಲಿಲ್ಲ. ಮಳೆ ಬರುತ್ತದೆ, ಬಟ್ಟೆ ಒಳಗೆ ಹಾಕಿ ಎನ್ನುವಷ್ಟೇ ಸಹಜವಾಗಿ ಹೇಳಿದಳು. ಇಲ್ಲ, ಹಾಗೇನೂ ಆಗುವುದಿಲ್ಲ, ನಾನು ಹಾಗೆ ಮಾಡುವವಳಲ್ಲ ಎಂದು ಹೇಳಹೊರಟ ಗೋಮತಿಗೆ ಕಂಡದ್ದು ಬೇರೆ. ನಾಳೆ ಬೆಳಿಗ್ಗೆ, ಒದ್ದೆ ಸೀರೆಯಲ್ಲಿ ಅನ್ನದ ಚರಿಗೆ ಹಿಡಿದಿರುವಾಗ, ಒಳಗೆ ಅತ್ತೆ, ಹೊರಗೆ ಹಸಿದ ಗಂಡ, ಹಿಂದಿನಿಂದ ಓಡಿಬರುವ ಹುಡುಗ.  ನಾಗು ಬೇಲಿಯ ತಡಮೆ ದಾಟಿ, ಗದ್ದೆಯಂಚಿನಲ್ಲಿ, ಎರಡು ಮೈಯ ಭಾರ ಹೊತ್ತು ನಿಧಾನವಾಗಿ ಹೋದಳು.

“ಗೋಮತೀ,” ಅತ್ತೆ ಒಳಗಿಂದ ಕೂಗಿದರು. “ಎಂತ ಅದ್ ಗಲಾಟೆ? ಆ ಹೈದ ನಿನ್ನ್ ಮುಟ್ದನಾ?”

ಹೌದು ಎಂದರೆ ಬಾವಿಗೆ ಹೋಗಬೇಕು. ಮೊಣಕಾಲ ಹಿಂದೆ ಸೀರೆಯ ಆ ಒಂದು ಅಂಗೈಯಗಲ ಇನ್ನೂ ಬೆಚ್ಚಗಿತ್ತು, ಅಥವಾ ಬೆಚ್ಚಗಿದೆ ಎಂದು ಅವಳಿಗೆ ಅನಿಸುತ್ತಿತ್ತು. ಒಂದು ಕೊಡ ನೀರಿಗೆ ಹೋಗಿಬಿಡುವಂಥದು. ದೇವರು, ಗಂಡನ ನೇಮ, ಮಾವನ ಶ್ರಾದ್ಧ, ಸುಲಿದ ಬೆರಳು ಎಲ್ಲ ಒಟ್ಟಿಗೆ ತಲೆಯಲ್ಲಿ ಎದ್ದವು, ಯಾವುದೂ ನಿಲ್ಲಲಿಲ್ಲ.

“ಇಲ್ಲೆ ಅತ್ತೆ,” ಎಂದಳು ಗೋಮತಿ, “ಯಾರೂ ಮುಟ್ಟಲಿಲ್ಲೆ.” ಒಳಗೆ ಹೋಗಿ, ಉಕ್ಕುತ್ತಿದ್ದ ದೇವರ ಅನ್ನವನ್ನು ಎರಡೂ ಕೈಯಿಂದ ಹಿಡಿದು ಕೆಳಗಿಳಿಸಿದಳು.